ಗಂಟೆಯ ನಾಲಿಗೆ

ಕ್ರಿಸ್ಮಸ್ ದಿನ ಬೆಳಕು ಹರಿಯುವ ಹೊತ್ತಿಗೆ ಸೊಸೆ ಗೋಪುರದ ಕೊನೆಯ ಮೆಟ್ಟಿಲು ಹತ್ತಿದಳು. ಗಂಟೆಯ ನಾಲಿಗೆಗೆ ತಾನೇ ಸುತ್ತಿದ್ದ ಬಟ್ಟೆ ಬಿಚ್ಚಲೆಂದು ಒಳಗೆ ಚಾಚಿದ ಕೈಯನ್ನು ಕೆಂಡ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು. ಬಟ್ಟೆ ಕಾಣಿಸಲೇ ಇಲ್ಲ. ಅದರ ಮೇಲೆ ಕುಂಬಳಕಾಯಿ ಗಾತ್ರಕ್ಕೆ ಜೇನುಹುಳುಗಳು ಒಂದರ ಬೆನ್ನ ಮೇಲೊಂದು ಕೂತು, ನಿದ್ದೆಯಲ್ಲಿ ಉಸಿರಾಡುವವರ ಹಾಗೆ ಮೆಲ್ಲಗೆ ಅಲುಗುತ್ತಿದ್ದವು.

ಕೆಳಗೆ ಚರ್ಚಿನ ಅಂಗಳದಲ್ಲಿ ಊರೇ ನಿಂತಿತ್ತು. ಮೊದಲ ಗಂಟೆ ಬಿದ್ದ ಮೇಲೆಯೇ ಎಲ್ಲರೂ ಹೊಸ್ತಿಲು ದಾಟುವುದು. ನಲವತ್ತು ವರ್ಷ ಅದನ್ನು ಬಾರಿಸಿದವರು ಮಾವ. ಬಾರಿಸಿ ಬಾರಿಸಿ ಕಿವಿ ಪೂರ್ತಿ ಹೋಗಿತ್ತು. ಈ ವರ್ಷ ರಟ್ಟೆಯೂ ಸೋತು, ಎರಡು ತಿಂಗಳಿಂದ ಗಂಟೆ ಬಾರಿಸುವುದೇ ನಿಂತು, ಹಗ್ಗವನ್ನು ಸೊಸೆಯ ಕೈಗೆ ಕೊಟ್ಟಿದ್ದರು. ಅವಳ ಪಾಲಿಗೆ ಇದು ಮೊದಲ ಗಂಟೆ. “ಸೌಟು ಹಿಡಿಯೋ ಕೈಗೆ ಹಗ್ಗ ಕೊಟ್ಟಿದ್ದಾರೆ. ಪಾತ್ರೆ ಬಿದ್ದ ಹಾಗೆ ಕೇಳಿಸುತ್ತೆ, ನೋಡ್ತಿರಿ” ಎಂದು ಗಡಿಯಾರದಂಗಡಿಯವರು ಬೀದಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ಪ್ರತಿ ಕ್ರಿಸ್ಮಸ್ಸಿಗೂ ಆ ಗಂಟೆಯ ಮೊದಲ ಏಟಿಗೆ ಸರಿಯಾಗಿ ತಮ್ಮ ಜೇಬಿನ ಗಡಿಯಾರಕ್ಕೆ ಕೀಲಿ ಕೊಡುವ ಮನುಷ್ಯ ಅವರು.

ಎರಡು ತಿಂಗಳು, ಮಗಳು ಮಲಗಿದ ಮಧ್ಯಾಹ್ನಗಳಲ್ಲಿ ಓಡಿಬಂದು ಅವಳು ಹಗ್ಗ ಎಳೆಯುವುದನ್ನು ಕಲಿತಿದ್ದಳು. ಊರಿಗೆ ಸದ್ದು ಕೇಳಿಸದಿರಲೆಂದು ನಾಲಿಗೆಗೆ ಬಟ್ಟೆ ಸುತ್ತಿಟ್ಟಿದ್ದಳು. ಕೈಗೆ ಸಿಕ್ಕಿದ್ದು, ಚರ್ಚಿನ ಬತ್ತಿಗಳಿಗೆಂದು ಜೇನುಮೇಣ ಕಾಯಿಸಿ ಸೋಸಿದ ಹಳೆಯ ಬಟ್ಟೆ. ದಪ್ಪಗಿದೆ, ಒಳ್ಳೆಯದೇ ಆಯಿತು ಅಂದುಕೊಂಡಿದ್ದಳು. ಕಳೆದ ವಾರ ಮಗಳಿಗೆ ಜ್ವರ ಬಂದು ಗೋಪುರದ ಕಡೆ ತಲೆಹಾಕಲೂ ಆಗಿರಲಿಲ್ಲ. ಅಷ್ಟರಲ್ಲಿ ಮೇಣದ ವಾಸನೆ ಹಿಡಿದು ಬಂದವರು ಇಲ್ಲಿ ಬಿಡಾರ ಹೂಡಿದ್ದರು.

ಮೆಟ್ಟಿಲಿಗೊಂದು ಉಸಿರು ಬಿಡುತ್ತ ಮಾವ ಮೇಲೆ ಬಂದರು. ಅವಳು ಗಂಟೆಯೊಳಗೆ ಬೆರಳು ತೋರಿಸಿದಳು.

“ನಂದೇ ತಪ್ಪು ಮಾವ. ಮೇಣದ ಬಟ್ಟೆ ಕಟ್ಟಿಬಿಟ್ಟಿದ್ದೆ.” ತುಟಿ ನೋಡಿ ಮಾತು ಹಿಡಿಯುವವರು ಅವರು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಮಾವ ಬಗ್ಗಿ ನೋಡಿದರು. “ನಿಮ್ಮತ್ತೆ ನನ್ನ ಟೋಪಿಯಲ್ಲಿ ಕೋಳಿಮರಿ ಸಾಕಿದ್ಲು. ನೀನು ಗಂಟೇಲಿ ಜೇನು. ನಮ್ಮನೆ ಹೆಂಗಸರ ಕಣ್ಣಿಗೆ ಟೊಳ್ಳಾಗಿರೋದು ಏನೂ ಬೀಳಬಾರದು.”

ಅವಳಿಗೆ ನಗು ಬರಲಿಲ್ಲ. ಕೆಳಗಿನಿಂದ ಗಡಿಯಾರದಂಗಡಿಯವರ ದನಿ ಏರಿಬಂತು. “ಏನಮ್ಮಾ, ಹೊತ್ತಾಯ್ತು. ಹಗ್ಗ ಎಲ್ಲಿದೆ ಅಂತ ಹುಡುಕ್ತಾ ಇದ್ದೀಯಾ?”

“ಗಂಟೇಲಿ ಜೇನು ಕೂತಿದೆ,” ಎಂದು ಕಿಂಡಿಯಿಂದ ಕೂಗಿದಳು.

“ಅದಕ್ಕೇನು, ಜೋರಾಗಿ ಒಂದೇಟು ಹಾಕು. ಉದುರಿಹೋಗ್ತಾವೆ.”

ಹಗ್ಗ ಹಿಡಿದಳು. ಒಮ್ಮೆ ಎಳೆದರೆ ಸಾಕು, ನಾಲಿಗೆಗೂ ಕಂಚಿಗೂ ನಡುವೆ ಅಷ್ಟೂ ಜೀವ ಜಜ್ಜಿಹೋಗುತ್ತದೆ. ಎಳೆಯದಿದ್ದರೆ, ಮೊದಲ ದಿನವೇ ಗಂಟೆ ತಪ್ಪಿಸಿದವಳ ಕೈಗೆ ಈ ಹಗ್ಗ ಇನ್ನೊಮ್ಮೆ ಬರುವುದಿಲ್ಲ.

ಅಷ್ಟರಲ್ಲಿ ಮಾವ ಹಳೆಯ ಅಭ್ಯಾಸದಂತೆ ಗಂಟೆಯ ಹೊರಮೈಗೆ ಅಂಗೈ ಊರಿದರು. ಊರಿದ ಕೈ ತೆಗೆಯಲೇ ಇಲ್ಲ. ಅವರ ಕಣ್ಣು ಮುಚ್ಚಿಕೊಂಡವು. ಇನ್ನೊಂದು ಕೈಯಿಂದ ಸೊಸೆಯ ಕೈಹಿಡಿದು ತಮ್ಮ ಕೈಯ ಪಕ್ಕ ಇಟ್ಟರು.

ತಣ್ಣನೆಯ ಕಂಚು ಒಳಗಿನಿಂದ ನಡುಗುತ್ತಿತ್ತು. ಅವಳು ಕೆನ್ನೆಯನ್ನೂ ತಾಗಿಸಿದಳು. ಜ್ವರ ಇಳಿದ ರಾತ್ರಿ ಮಗಳ ಬೆನ್ನಿಗೆ ಕಿವಿಯಿಟ್ಟಾಗ ಕೇಳಿದಂಥ ಸದ್ದು. ಸಣ್ಣದು, ಆದರೆ ನಿಲ್ಲದ್ದು.

“ಹತ್ತು ವರ್ಷ ಆಯ್ತು, ಇದರ ದನಿ ನನ್ನ ಕಿವಿಗೆ ಬಿದ್ದು,” ಮಾವ ಅಂದರು. “ಏಟು ಹಾಕಿದಾಗ ಕೈಗೆ ಒಂದು ಸಲ ನಡುಕ ಗೊತ್ತಾಗ್ತಿತ್ತು, ಅಷ್ಟೆ. ಇದು ನೋಡು, ನಿಲ್ತಾನೇ ಇಲ್ಲ.” ಗಡ್ಡದೊಳಕ್ಕೆ ನೀರು ಇಳಿಯುತ್ತಿದ್ದುದು ಅವರಿಗೆ ಗೊತ್ತಾದಂತಿರಲಿಲ್ಲ. ಆಮೇಲೆ ಕಣ್ಣು ತೆರೆದರು. “ಹಗ್ಗ ನಿಂದು. ಎಳೀತೀಯೋ ಬಿಡ್ತೀಯೋ, ನೀನೇ ಹೇಳು.”

ಸೊಸೆ ಹಗ್ಗವನ್ನು ಸುರುಳಿ ಸುತ್ತಿ ಗೂಟಕ್ಕೆ ಹಾಕಿದಳು. “ಇವತ್ತಿನ ದಿನ ಬಂದವರಿಗೆ ಜಾಗ ಇಲ್ಲ ಅನ್ನೋಕೆ ನನ್ನಿಂದಾಗಲ್ಲ ಮಾವ.”

ಇಬ್ಬರೂ ಕೆಳಗಿಳಿದು ಬರುವಾಗ ಅಂಗಳದಲ್ಲಿ ಗುಜುಗುಜು ತುಂಬಿತ್ತು. “ನಾನು ಅವತ್ತೇ ಹೇಳಿರ್ಲಿಲ್ವಾ?” ಎಂದು ಗಡಿಯಾರದಂಗಡಿಯವರು ಸುತ್ತಲಿದ್ದವರ ಮುಖ ನೋಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಫಾದರ್ ಮೆಲ್ಲಗೆ ಕೇಳಿದರು, “ಗಂಟೆ ಬಾರಿಸ್ಲಿಲ್ವಾ, ತಾಯಿ?”

ಫಾದರ್ ತುಟಿಯನ್ನೇ ನೋಡುತ್ತಿದ್ದ ಮಾವ ಒಂದು ಹೆಜ್ಜೆ ಮುಂದೆ ಬಂದರು.

“ಯಾಕೆ, ನಿಮಗ್ಯಾರಿಗೂ ಕೇಳಿಸ್ತಿಲ್ವಾ?”

ಕಿವುಡರ ಬಾಯಿಂದ ಆ ಮಾತು ಕೇಳಿ ಯಾರೋ ಕಿಸಕ್ಕೆಂದರು. ಆಮೇಲೆ ನಗು ತಾನಾಗಿಯೇ ನಿಂತಿತು, ಗುಜುಗುಜುವೂ ಅಡಗಿತು. ತಾಯಂದಿರು ಕೈಗೂಸುಗಳ ಬೆನ್ನು ತಟ್ಟುವುದನ್ನು ಮರೆತರು. ಆಗ, ಮೇಲಿನಿಂದ, ಆ ದೊಡ್ಡ ಕಂಚಿನ ಬಾಯಿಂದ ಒಂದು ಮೊರೆತ ಕೆಳಗಿಳಿಯಿತು. ಮೊದಲ ಬಿಸಿಲು ಗೋಪುರಕ್ಕೆ ತಾಗಿತ್ತು. ನಾಲ್ಕು ಕಿಂಡಿಗಳಿಂದಲೂ ಜೇನುಹುಳುಗಳು ಹೊಂಬಣ್ಣದ ಧೂಳಿನ ಹಾಗೆ ಹೊರಬಂದು ಆಕಾಶಕ್ಕೆ ಹರಡುತ್ತಿದ್ದವು.

ಗಡಿಯಾರದಂಗಡಿಯವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಯಾರ ಮುಖವನ್ನೂ ನೋಡದೆ ಜೇಬಿಗೆ ಕೈಹಾಕಿ, ಗಡಿಯಾರ ಹೊರತೆಗೆದು, ಅದಕ್ಕೆ ಕೀಲಿ ಕೊಟ್ಟರು.