ಅಜ್ಜಿ ಕೂಗಿದ ಅಳತೆ

ಫೋನಿನೊಳಗಿಂದ ಬರುತ್ತಿದ್ದುದು ತನ್ನದೇ ದನಿ ಎಂದು ಟೈಲರಜ್ಜಿಗೆ ತಕ್ಷಣ ಗೊತ್ತಾಗಲಿಲ್ಲ. “ಸೊಂಟ ನಲವತ್ತು! ತೋಳು ಹದಿನೈದು! ಇದೇನೇ ತಾಯಿ, ಇಬ್ಬರ ಬಟ್ಟೆ ಒಬ್ಬಳಿಗೇ ಬೇಕಲ್ಲ!” ಹಿಂದೆಯೇ ಒಂದು ಗೊಗ್ಗರು ನಗು, ಯಾರೋ ಸೇರಿಸಿದ ಡೋಲಿನ ಸದ್ದು. ಆಮೇಲೆ ಮತ್ತೆ ಮೊದಲಿನಿಂದ.

ಬೇಕರಿಯವಳು ಫೋನು ಆರಿಸಿ, ಮಗಳ ಹೊಸ ಯೂನಿಫಾರ್ಮನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟಳು. “ಇಡೀ ಸ್ಕೂಲಿಗೇ ಹಂಚಿದ್ದಾರೆ ಟೈಲರಮ್ಮ. ಅವಳನ್ನ ಕಂಡ್ರೆ ಸಾಕು, ‘ನಲವತ್ತು ಬಂತು’ ಅಂತಾರಂತೆ. ಒಂಬತ್ತು ದಿನ ಆಯ್ತು, ಮನೆ ಬಿಟ್ಟು ಕದಲಿಲ್ಲ. ಇದನ್ನ ನೀವೇ ಇಟ್ಕೊಳ್ಳಿ.” ಉತ್ತರಕ್ಕೂ ನಿಲ್ಲದೆ ಹೊರಟುಹೋದಳು.

ಅಜ್ಜಿ ಅಳತೆ ಟೇಪಿನ ಅಂಕಿ ಓದಬಲ್ಲಳು, ಬರೆಯಲು ಕೈ ತಿರುಗದು. ಅವಳು ಕೂಗುವುದು, ಮೊಮ್ಮಗಳು ಪುಸ್ತಕದಲ್ಲಿ ಬರೆದುಕೊಳ್ಳುವುದು ಅಂಗಡಿಯ ರೂಢಿ. ಬೇಕರಿಯವಳ ಮಗಳ ಅಳತೆ ತೆಗೆದ ದಿನ ಮೊಮ್ಮಗಳ ಇನ್ನೊಂದು ಕೈಯಲ್ಲಿ ಫೋನಿತ್ತು.

“ಯಾಕೇ ಹಿಂಗೆ ಮಾಡ್ದೆ? ನಿನ್ನ ಕ್ಲಾಸಿನವಳೇ ಅಲ್ವೇನೇ?”

ಮೊಮ್ಮಗಳು ಗುಂಡಿ ಡಬ್ಬಿಯಲ್ಲಿ ಬೆರಳಾಡಿಸುತ್ತ ಕೂತಿದ್ದಳು. “ಇಬ್ಬರಿಗೆ ಮಾತ್ರ ಕಳಿಸಿದ್ದೆ. ನಾನೇನೂ ಸೇರಿಸಲಿಲ್ಲ ಅಜ್ಜಿ. ಮಾತು ನಿಂದೇ, ನಗೂನೂ ನಿಂದೇ.”

ಐವತ್ತು ವರ್ಷದಿಂದ ಅಜ್ಜಿಯದು ಇದೇ ನಗೆಮಾತು. ಟೇಪಿನೊಳಗೆ ನಿಂತು, ತಲೆ ತಗ್ಗಿಸಿ ತಾವೂ ನಕ್ಕಿದ್ದ ಹುಡುಗಿಯರ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು. ಅವರಿಗೂ ತಮಾಷೆ ಅನ್ನಿಸಿತ್ತೆಂದೇ ಇಷ್ಟು ದಿನ ಅಂದುಕೊಂಡಿದ್ದಳು.

ಮೊಮ್ಮಗಳ ಕಣ್ಣು ತಪ್ಪಿಸಲು ಯೂನಿಫಾರ್ಮನ್ನು ಮಡಿಸಹೋದಳು. ಪಕ್ಕದ ಹೊಲಿಗೆ ಕೈಗೆ ಗಂಟುಗಂಟಾಗಿ ತಗುಲಿತು. ತಾನು ಹಾಕಿದ ಹೊಲಿಗೆಯಿಂದ ನಾಲ್ಕು ಬೆರಳು ಒಳಗೆ, ಕೈಸೂಜಿಯಲ್ಲಿ, ಸೊಟ್ಟಸೊಟ್ಟಗೆ ಇನ್ನೊಂದು ಹೊಲಿಗೆ. ಎರಡೂ ಕಡೆ. ಅಷ್ಟು ಕಿರಿದು ಮಾಡಿ ಅದರೊಳಗೆ ತೂರಲು ನೋಡಿದ್ದಾಳೆ ಹುಡುಗಿ; ಕಂಕುಳಲ್ಲಿ ಬಟ್ಟೆ ಹರಿದಿತ್ತು.

“ಏಳು, ಚಪ್ಪಲಿ ಮೆಟ್ಕೋ,” ಎಂದಳು ಮೊಮ್ಮಗಳಿಗೆ.

ಬೇಕರಿಯ ಹಿಂದೆಯೇ ಅವರ ಮನೆ; ಒಳಕೋಣೆಯಲ್ಲಿ ಹುಡುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

“ಮಗಳೇ, ಆ ಮಾತು ನನ್ನ ಬಾಯಿಂದ ಬಂದಿದ್ದು. ತಪ್ಪಾಯ್ತು,” ಎಂದಳು ಅಜ್ಜಿ.

“ನಂದೂ ತಪ್ಪು,” ಎಂದಳು ಬಾಗಿಲಲ್ಲೇ ನಿಂತ ಮೊಮ್ಮಗಳು, ನೆಲ ನೋಡುತ್ತ.

“ಪರವಾಗಿಲ್ಲ ಅಜ್ಜಿ.” ಎಷ್ಟೋ ಸಲ ಹೇಳಿ ಅಭ್ಯಾಸವಾದವಳ ಹಾಗೆ ತಟ್ಟನೆ ಬಂತು ಹುಡುಗಿಯ ಮಾತು.

“ಪುಸ್ತಕದ ಆ ಹಾಳೆ ಹರಿದು ಹಾಕಿದೀನಿ. ಹೊಸದು ಹೊಲಿದು ಕೊಡ್ತೀನಿ, ಸೋಮವಾರ ನೀನು ಹಾಕ್ಕೊಂಡು ಸ್ಕೂಲಿಗೆ ಹೋಗ್ಬೇಕು. ಎದ್ದು ನಿಂತ್ಕೋ. ಅಳತೆ ಕಣ್ಣಲ್ಲೇ ಇಟ್ಕೋತೀನಿ, ಬಾಯಿಗೆ ತರಲ್ಲ.”

ಹುಡುಗಿ ಎದ್ದಳು. ಟೇಪು ಸೊಂಟ ಮುಟ್ಟಿದ್ದೇ ತಡ, ಹೊಟ್ಟೆ ಒಳಗೆಳೆದುಕೊಂಡಳು. ಕತ್ತಿನ ನರ ಉಬ್ಬಿತು. ಅಜ್ಜಿ ಕಾದಳು. ಹುಡುಗಿಯ ಮುಖ ಕೆಂಪೇರುತ್ತ ಹೋಯಿತು.

“ಉಸಿರು ಬಿಡಮ್ಮ.”

ಹುಡುಗಿ ಬಿಡಲಿಲ್ಲ. ಹಿಡಿದ ಉಸಿರಲ್ಲೇ ಪಿಸುಗುಟ್ಟಿದಳು: “ಮೊದಲು ನೀವು ಟೇಪು ತೆಗೀರಿ ಅಜ್ಜಿ.”