ಕೆನ್ನೆಯ ಅರಿಶಿನ

ಹಾಲಮ್ಮನವರ ಅರಿಶಿನದ ಬೆರಳು ಇನ್ನೂ ಗೇಣು ದೂರ ಇರುವಾಗಲೇ ದಾಕ್ಷಾಯಣಮ್ಮ ಹಾವು ಕಂಡವರ ಹಾಗೆ ಮುಖ ಹಿಂದಕ್ಕೆಳೆದುಕೊಂಡರು. ಬಟ್ಟಲು ವಾಲಿ ಅರ್ಧ ಅರಿಶಿನ ಚಾಪೆಯ ಪಾಲಾಯಿತು. ಸೋಬಾನೆ ಹೇಳುತ್ತಿದ್ದ ಹೆಂಗಸರು ಪದದ ನಡುವೆಯೇ ಬಾಯಿ ಮುಚ್ಚಿಕೊಂಡರು.

ಭದ್ರಾವತಿಯಲ್ಲಿ, ಬೀಗಿತ್ತಿ ಹಾಲಮ್ಮನವರ ಮನೆಯಲ್ಲಿ, ದಾಕ್ಷಾಯಣಮ್ಮನ ಮಗಳು ಜಯಶೀಲಾಳಿಗೆ ಏಳನೇ ತಿಂಗಳ ಕುಬುಸ. ಮಹಾಯುದ್ಧದ ತುರ್ತು ಕೆಲಸವೆಂದು ಅಳಿಯನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಅರ್ಧ ದಿನದ ರಜೆಯೂ ಸಿಕ್ಕಿರಲಿಲ್ಲ. ಎಲ್ಲ ಹೆಂಗಸರದೇ ಕಾರುಬಾರು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಸಂಜೆಯ ರೈಲಿಗೆ ಶಿವಮೊಗ್ಗೆಗೆ ಬಾಣಂತನಕ್ಕೆ ಕರೆದೊಯ್ಯಲೆಂದೇ ದಾಕ್ಷಾಯಣಮ್ಮ ಬಂದಿದ್ದರು. ಸೊಸೆಯನ್ನು ಕಳಿಸಿಕೊಡುವ ಮೊದಲು ಅತ್ತೆಯಾದವಳು ಬೀಗಿತ್ತಿಯ ಎರಡೂ ಕೆನ್ನೆಗೆ ಅರಿಶಿನ ಹಚ್ಚುವುದು ಆ ಮನೆಯ ಪದ್ಧತಿ.

“ಯಾಕೆ, ನಮ್ಮನೆ ಅರಿಶಿನ ಆಗಲ್ವಾ ನಿಮಗೆ?” ಹಾಲಮ್ಮ ಮೆಲ್ಲಗೆ ಕೇಳಿದರು. ಕೂಗಾಡುವ ಬೀಗಿತ್ತಿಯನ್ನು ಹೇಗಾದರೂ ಸುಧಾರಿಸಬಹುದು. ಮೆಲ್ಲಗೆ ಮಾತಾಡುವವಳ ಮುಂದೆ ಎಂಥವರಿಗೂ ನಾಲಗೆ ಒಣಗುತ್ತದೆ.

“ಅಯ್ಯೋ, ಹಂಗಲ್ಲ...”

“ಅವ್ವಂಗೆ ಕೆನ್ನೇಲಿ ನರದ ನೋವು ಅತ್ತೆ,” ಜಯಶೀಲಾ ನಡುವೆ ಬಾಯಿ ಹಾಕಿದಳು. “ಮುಟ್ಟಿದ್ರೆ ಆಗಲ್ಲ.”

ಅದು ನಿಜವಾಗಿತ್ತು, ದೀಪಾವಳಿಯವರೆಗೆ. ಎರಡು ವರ್ಷ ಆ ಎಡಗೆನ್ನೆ ದಾಕ್ಷಾಯಣಮ್ಮನನ್ನು ಹುರಿದು ತಿಂದಿತ್ತು. ಬಾಯಿ ಮುಕ್ಕಳಿಸಿದರೆ, ಸೆರಗು ತಾಗಿದರೆ, ಬಾಗಿಲ ಗಾಳಿ ಸೋಕಿದರೆ ಸಾಕು, ದವಡೆಯಿಂದ ಹುಬ್ಬಿನವರೆಗೆ ಸಿಡಿಲು ಹೊಡೆಯುತ್ತಿತ್ತು. ಹಲ್ಲಿನ ನೋವಿರಬೇಕೆಂದು ಗಟ್ಟಿಮುಟ್ಟಾದ ಮೂರು ದವಡೆ ಹಲ್ಲು ಕೀಳಿಸಿದ್ದಾಯಿತು. ಹಲ್ಲು ಹೋದವು, ನೋವು ಉಳಿಯಿತು. ಕಡೆಗೊಬ್ಬ ಡಾಕ್ಟರು, “ಇದು ಮುಖದ ನರದ್ದು, ತಾನಾಗಿ ಬರುತ್ತೆ, ತಾನಾಗಿ ಬಿಡುತ್ತೆ” ಎಂದರು. ಹಬ್ಬ ಕಳೆದ ಮೇಲೆ ಬಿಟ್ಟೇಬಿಟ್ಟಿತು. ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ಆದರೆ ದಾಕ್ಷಾಯಣಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ಊಟ ಬೇಡ, ಮಾತು ಬೇಡ, ಬಾಗಿಲು ತೆಗೆದರೆ ಬರುವ ಬೆಳಕೂ ಬೇಡ. “ಇನ್ನೇನು ಧಾಡಿ ನಿಂಗೆ?” ಎಂದು ಗಂಡ ಷಡಕ್ಷರಪ್ಪ ರೇಗಿದಾಗ, “ಇನ್ನೂ ನೋಯ್ತದೆ” ಅಂದುಬಿಟ್ಟಿದ್ದರು. ಆ ಸುಳ್ಳನ್ನು ಎಲ್ಲರೂ ನಂಬಿದರು. ನಿಜವೇನೆಂದು ದಾಕ್ಷಾಯಣಮ್ಮನಿಗೇ ಗೊತ್ತಿರಲಿಲ್ಲ. ಹೇಳುತ್ತ ಹೇಳುತ್ತ, ನೋವು ಇದೆಯೋ ಇಲ್ಲವೋ ಎಂಬುದೂ ಗೊಂದಲವಾಗಿತ್ತು. ಕೆನ್ನೆ ಮುಟ್ಟಿ ನೋಡಿಕೊಳ್ಳುವ ಧೈರ್ಯ ಮಾತ್ರ ಬಂದಿರಲಿಲ್ಲ.

“ಕೆನ್ನೆ ಮುಟ್ಟಿಸಿಕೊಳ್ಳೋಕಾಗದೋರು ಕೂಸನ್ನ ಹೆಂಗೆ ಎತ್ಕೋತೀರಿ?” ಹಾಲಮ್ಮ ಹೇಳಿದರು. “ಕೂಸು ಮುಖಕ್ಕೆ ಕೈ ಹಾಕದೆ ಬಿಡ್ತದಾ? ಬಾಣಂತನ ಇಲ್ಲೇ ಆಗ್ಲಿ ಬಿಡಿ. ನೀವು ಸುಧಾರಿಸ್ಕೊಳ್ಳಿ.” ಆ ಮಾತಿನಲ್ಲಿ ಕೊಂಕೂ ಇತ್ತು, ಕನಿಕರವೂ ಇತ್ತು. ಯಾವುದೆಷ್ಟು ಎಂದು ಅಳೆಯುವ ಸ್ಥಿತಿಯಲ್ಲಿ ದಾಕ್ಷಾಯಣಮ್ಮ ಇರಲಿಲ್ಲ.

ಜಯಶೀಲಾ ತಲೆ ತಗ್ಗಿಸಿದಳು. ಹೊಸ ಹಸಿರು ಬಳೆಗಳ ಮೇಲೆ ಕಣ್ಣೀರು ಬಿದ್ದದ್ದು ತಾಯಿಗೆ ಕಂಡಿತು. ಮಗಳು ಮನೆಗೆ ಬಂದ ಮೇಲಾದರೂ ತಾನು ಹಾಸಿಗೆ ಬಿಟ್ಟು ಏಳಬಹುದು, ಒಲೆ ಹಚ್ಚಬಹುದು, ಮೊದಲಿನಂತಾಗಬಹುದು ಎಂಬ ಒಂದೇ ಆಸೆಯಿಂದ ದಾಕ್ಷಾಯಣಮ್ಮ ಇಷ್ಟು ದೂರ ಬಂದಿದ್ದರು. ಆ ಆಸೆಯೂ ಕೈಬಿಟ್ಟು ಹೋಗುತ್ತಿತ್ತು.

ಅವರು ಬಟ್ಟಲನ್ನು ತಾವೇ ಎಳೆದುಕೊಂಡರು. ಮೂರು ಬೆರಳು ಅದ್ದಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎಡಗೆನ್ನೆಗೆ ಹಚ್ಚಿಕೊಂಡರು. “ಅವ್ವಾ!” ಎಂದು ಮಗಳು ಕೂಗಿದಳು.

ಏನೂ ಆಗಲಿಲ್ಲ. ಅರಿಶಿನ ತಣ್ಣಗಿತ್ತು, ಅಷ್ಟೇ. ದಾಕ್ಷಾಯಣಮ್ಮ ಕಣ್ಣು ಬಿಟ್ಟರು. ಬಿಟ್ಟ ಕಣ್ಣಿಂದ ನೀರು ಸುರಿಯತೊಡಗಿತು.

“ನೋಯ್ತಾ?” ಹಾಲಮ್ಮ ಗಾಬರಿಯಾಗಿ ಹತ್ತಿರ ಸರಿದರು.

“ಇಲ್ಲ.”

“ಒಂಚೂರೂ?”

“ಒಂಚೂರೂ ಇಲ್ಲ.”

“ಮತ್ತೆ ಯಾಕೆ ಅಳ್ತೀರಿ ಮಾರಾಯ್ತಿ?”

“ಗೊತ್ತಿಲ್ಲ ಬೀಗಿತ್ತಿ. ದೀಪಾವಳಿಯಿಂದ ಹಿಂಗೇ. ನೋವಿದ್ದಾಗ ನೋವಿಗೆ ಅಳ್ತೀನಿ ಅಂತಿದ್ದೆ. ಈಗ ಯಾತಕ್ಕೆ ಅಂತ ಹೇಳ್ಲಿ?”

ಹಾಲಮ್ಮನವರಿಗೆ ಕಾಯಿಲೆಯೆಂದರೆ ಕಷಾಯ ಗೊತ್ತಿತ್ತು, ಅವಮಾನವೆಂದರೆ ತಿರುಗೇಟು ಗೊತ್ತಿತ್ತು. ಇದಕ್ಕೇನು ಮಾಡುವುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬೀಗಿತ್ತಿಯ ಮುಖವನ್ನೊಮ್ಮೆ, ಸೊಸೆಯ ಹೊಟ್ಟೆಯನ್ನೊಮ್ಮೆ ನೋಡಿದರು.

“ಯಾರು ಯಾರನ್ನ ಕರ್ಕೊಂಡು ಹೋಗ್ತಿದೀರೋ ನಂಗಂತೂ ತಿಳೀಲಿಲ್ಲ,” ಎಂದು ಕಡೆಗೆ ಸೆರಗಿನಿಂದ ಮೂಗೊರೆಸಿಕೊಂಡರು. “ಜಯಾ, ನಿನ್ನ ಟ್ರಂಕು ತಗೋ. ನಿಮ್ಮವ್ವನ್ನ ಜೋಪಾನವಾಗಿ ಕರ್ಕೊಂಡು ಹೋಗು.”

ಯಾರೋ ಸೋಬಾನೆಯ ಬಿಟ್ಟ ಸಾಲನ್ನು ಮತ್ತೆ ಎತ್ತಿಕೊಂಡರು. ಜಯಶೀಲಾ ಸೊಂಟದ ಮೇಲೆ ಕೈಯಿಟ್ಟು ಎದ್ದು, “ರೈಲಿಗೆ ಹೊತ್ತಾಯ್ತು, ಏಳವ್ವ” ಎಂದು ಕೈ ಚಾಚಿದಳು.

ದಾಕ್ಷಾಯಣಮ್ಮನ ಒಂದು ಕೈ ಮಗಳ ಕೈ ಹಿಡಿಯಿತು. ಇನ್ನೊಂದು ಕೈ ಅದೇ ಕೆನ್ನೆಯನ್ನು ಒತ್ತಿ ಒತ್ತಿ ನೋಡುತ್ತಿತ್ತು.

“ಇಲ್ಲೇ ಇತ್ತು ಕಣೆ,” ಅಂದರು. “ಇಲ್ಲೇ ಇತ್ತು.”