ಸರಿಯಾಗಿ ನಡೆಯುತ್ತಿದ್ದ ಗಡಿಯಾರ

“ಅಕ್ಕಾ, ತಲೆ ಗಿರ್ ಅಂತಿದೆ,” ಎನ್ನುತ್ತ ತಂಗಿ ಇಸ್ತ್ರಿ ಮೇಜಿನ ಪಕ್ಕದ ಬಟ್ಟೆ ಗಂಟಿನ ಮೇಲೆ ಕುಸಿದಾಗ ಲಾಂಡ್ರಿಯ ಯಜಮಾನಿಗೆ ಮೊದಲು ಬಂದದ್ದು ಸಿಟ್ಟು. ಮಧ್ಯಾಹ್ನದೊಳಗೆ ಆಸ್ಪತ್ರೆಯ ಇನ್ನೂರು ಹೊದಿಕೆ ಹೋಗಬೇಕು. ಬಟ್ಟೆ ಮಡಚುವ ಹೆಂಗಸು ಆಗಲೇ ತಲೆನೋವೆಂದು ಮೂಲೆಗೆ ಒರಗಿ ಕಣ್ಣು ಮುಚ್ಚಿದ್ದಳು.

“ಇಬ್ರಿಗೂ ಒಟ್ಟಿಗೇ ಬಂತಾ ಕಾಯಿಲೆ? ಟೈಮ್ ಎಷ್ಟಾಯ್ತು ನೋಡು!” ಎಂದು ಗದರುತ್ತ ಗೋಡೆಯ ಗಡಿಯಾರದತ್ತ ಕೈ ಎತ್ತಿದಳು. ಹನ್ನೊಂದೂಕಾಲು. ಹೋದ ವಾರ ನಿಂತುಹೋಗಿದ್ದ ಗಡಿಯಾರ ಈಗ ಟಿಕ್ ಟಿಕ್ ಎಂದು ಸರಿಯಾಗಿ ನಡೆಯುತ್ತಿತ್ತು.

ಎತ್ತಿದ ಕೈ ಹಾಗೇ ನಿಂತಿತು. ಗಡಿಯಾರಕ್ಕೆ ಸೆಲ್ ಹಾಕಿದ್ದು ಅವಳೇ. ಬಾಯ್ಲರಿನ ವಿಷಗಾಳಿ ಒಳಗೆ ತುಂಬಿದರೆ ಕೂಗಲೆಂದು ತಪಾಸಣೆಯವರು ಹಾಕಿಸಿದ್ದ ಪುಟ್ಟ ಪೆಟ್ಟಿಗೆಯಿಂದ ಕಿತ್ತ ಸೆಲ್. “ಸುಮ್ನೆ ಗೋಡೆ ಮೇಲೆ ಕೂತಿರೋದಕ್ಕೆ ಸೆಲ್ ಯಾಕೆ?” ಎಂದು ಅಂದು ಎಲ್ಲರನ್ನೂ ನಗಿಸಿದ್ದಳು.

ಇವತ್ತು ಚಳಿಯೆಂದು ಕಿಟಕಿಗಳನ್ನು ಮುಚ್ಚಿಸಿದ್ದೂ ಅವಳೇ. “ಏಳ್ರೇ, ಹೊರಗೆ ನಡೀರಿ!” ಎಂದು ಕೂಗಿದಳು, ಇಬ್ಬರೂ ಅಲುಗಲಿಲ್ಲ. ಬೆಳಗ್ಗಿನಿಂದ ಅವಳ ಹಣೆಯೂ ಸಿಡಿಯುತ್ತಿತ್ತು. ಕಿಟಕಿ ನಾಲ್ಕೇ ಹೆಜ್ಜೆ ದೂರ. ಎರಡನೆಯ ಹೆಜ್ಜೆಗೇ ಅವಳ ಮೊಣಕಾಲುಗಳು ಮಡಚಿಕೊಂಡವು.